ಎರಡೂ ಎಡಗೈ

ಆಗೋದೇ ಇಲ್ಲ ಅಂತ ಹೇಳಿದ್ದು ನಮ್ಮ ಮಾಮ, ಅಮ್ಮನ ತಮ್ಮ. ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯ ಚೆಕಿಂಗ್ ವಿಭಾಗಕ್ಕೆ ಅವರೇ ಮೇಸ್ತ್ರಿ. ಹೊಲಿದು ಬಂದ ಒಂದೊಂದು ಬಟ್ಟೆಯನ್ನೂ ಮೇಜಿನ ಮೇಲೆ ಹರಡಿ, ಒಳಗು ಹೊರಗು ತಿರುವಿ, ತೂತು, ಎಣ್ಣೆ ಕಲೆ, ಬಿಟ್ಟ ಹೊಲಿಗೆ ಹುಡುಕುವ ಕೆಲಸ. ಬೇರೆಯವರ ತಪ್ಪು ಹುಡುಕಿಯೇ ಮನೆ ಕಟ್ಟಿದ ಮನುಷ್ಯ ಅಂತ ಅಪ್ಪ ತಮಾಷೆ ಮಾಡುತ್ತಿದ್ದ. ನಾನು ಪಿಎಚ್‌ಡಿಗೆ ಸೇರಿದ ವಾರ ಅವರು ನಮ್ಮ ಮನೆಗೆ ಬಂದು, ಎಲೆಯ ಮುಂದೆ ಕೂತು ಅನ್ನ ಕಲಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು.

"ಇದು ನಮ್ಮ ಜನದಲ್ಲಿ ಆಗೋದಿಲ್ಲೆ ಅಮ್ಮಣಿ. ಪಾವು ಕಟ್ಟಬಹುದು, ನೇದು ಕೆಳಗಿಳಿಸೋಕೆ ಆಗದು."

ಅವರ ಮಗಳು ಆಗ ಎಂಟನೇ ಕ್ಲಾಸು. ಪಕ್ಕದಲ್ಲಿ ಕೂತು ಅಪ್ಪಳ ಮುರಿಯುತ್ತಿದ್ದವಳು ನನ್ನನ್ನೇ ನೋಡಿದಳು. ನನಗೆ ಅದು ಮರೆತು ಹೋಗಲಿಲ್ಲ.

ಪಾವು ಅಂದರೆ ಹಾಸು, ಮಗ್ಗಕ್ಕೆ ಉದ್ದುದ್ದ ಕಟ್ಟುವ ನೂಲು. ನಾವು ಮನೆಯಲ್ಲಿ ಆಡುವುದು ಕನ್ನಡವೇ, ಅದರಲ್ಲಿ ಅರ್ಧ ತಮಿಳು ಸೇರಿ ಎಷ್ಟು ತಲೆಮಾರಾಯಿತೋ ಗೊತ್ತಿಲ್ಲ. ಓದಲು ಬರೆಯಲು ಮಾತ್ರ ಮನೆಯಲ್ಲಿ ಯಾರಿಗೂ ಕನ್ನಡ ಬರದು. ಈ ಅಕ್ಷರಗಳನ್ನು ನಾನು ಕಲಿತದ್ದು ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಕೊಯಮತ್ತೂರಿನ ಹಾಸ್ಟೆಲಿನಲ್ಲಿ, ಚಾಮರಾಜನಗರದ ಕಡೆಯಿಂದ ಬಂದಿದ್ದ ಹುಡುಗಿಯ ಹತ್ತಿರ. ನನ್ನ ಕನ್ನಡ ಕೇಳಿ ಅವಳು ಮೊದಲ ವಾರ ನಕ್ಕಳು, ಎರಡನೆಯ ವಾರ ಕಾಪಿ ಪುಸ್ತಕ ತಂದುಕೊಟ್ಟಳು. ಡಿಗ್ರಿಗೆ ನಾವು ಪಟ್ಟ ಅನ್ನುತ್ತೇವೆ, ತಮಿಳಿನ ಪಟ್ಟಂ. ತಮ್ಮ ಕಡೆ ಪಟ್ಟ ಅಂದರೆ ರಾಜನಿಗೆ ಕಟ್ಟುವುದು ಅಂದಳು ಅವಳು. ನಮ್ಮ ಕಡೆ ಪಟ್ಟಂ ಅಂದರೆ ಗಾಳಿಪಟವೂ ಹೌದು. ಮಾಮ ಆ ಅರ್ಥವನ್ನೇ ಹಿಡಿದಿದ್ದರು: ಯಾವಾಗ ದಾರ ಕಿತ್ತುಕೊಳ್ಳುತ್ತದೋ ಅಂತ ಕಾಯುತ್ತಿದ್ದರು.

ಅಪ್ಪ ಓದಿದ್ದು ಮೂರನೇ ಕ್ಲಾಸು. ಅಮ್ಮ ಐದು. ನಾನು ಹತ್ತು ಮುಗಿಸಿದಾಗ ಒಬ್ಬರು ಸಾಕು ಅಂದರು, ಹನ್ನೆರಡು ಮುಗಿಸಿದಾಗ ಇನ್ನೊಬ್ಬರು. ಉಡುಮಲೈಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಭೌತಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದೆ, ಕೊಯಮತ್ತೂರಿನಲ್ಲಿ ಎಂಎಸ್ಸಿ. ನಮ್ಮ ಬೀದಿಯಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಸುಲಭವಾಗಿ ಸಿಕ್ಕಿದ್ದರೆ ವಿನಯದಿಂದ ಹೇಳಬಹುದಿತ್ತು.

ಪಿಎಚ್‌ಡಿಗೆ ನಾನು ಹಿಡಿದ ವಿಷಯ ಕೇಳಿ ಬೀದಿಗೆ ಬೀದಿಯೇ ನಕ್ಕಿತು. ಜ್ವಾಲಾಮುಖಿ. ತಮಿಳಿನಲ್ಲಿ ಎರಿಮಲೈ. ನೆಲದಡಿಯ ಕರಗಿದ ಕಲ್ಲು, ಅಂದರೆ ಶಿಲಾಪಾಕ, ಮೇಲೆ ಏರುವಾಗ ಬೆಟ್ಟದ ಮೈ ಒಂದಿಷ್ಟು ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಆ ಉಬ್ಬನ್ನು ಅಳೆದು, ಕೆಳಗೆ ಎಷ್ಟು ಪಾಕ, ಎಷ್ಟು ಆಳದಲ್ಲಿ, ಯಾವ ಆಕಾರದಲ್ಲಿ ಇದೆ ಅಂತ ಲೆಕ್ಕದಿಂದ ಹೇಳುವುದು ನನ್ನ ಕೆಲಸ. ಮಾಮ ಕೇಳಿದರು, ಉಡುಮಲೈಗೆ ಬಸ್ಸು ಉಂಟು, ಎರಿಮಲೈಗೆ ಯಾವ ಸ್ಟ್ಯಾಂಡಿನಲ್ಲಿ ಹತ್ತಬೇಕು ಅಂತ. ಅದಾದ ಮೇಲೆ ಬೀದಿಯ ಮಕ್ಕಳಿಗೆ ನಾನು ಎರಿಮಲೈ ಅಕ್ಕ ಆದೆ.

ನಾನು ಲೆಕ್ಕ ಹಾಕಿದ ಬೆಟ್ಟ ದೂರದ ಸಮುದ್ರದಲ್ಲಿ ಒಂದು ದ್ವೀಪ. ನಾನು ಅದನ್ನು ನೋಡಿಲ್ಲ, ನೋಡುವುದೂ ಇಲ್ಲವೇನೋ. ಗೈಡ್ ಮೇಡಂ ಮೊದಲ ದಿನವೇ ಬಿಡಿಸಿ ಹೇಳಿದ್ದರು: ಆ ಬೆಟ್ಟಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು, ವಿಮಾನ ಬೇಕು, ಅದರ ಉಪಗ್ರಹದ ಚಿತ್ರಕ್ಕೆ ಏನೂ ಬೇಡ, ಪ್ರಪಂಚದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮಂಥವರು ಮಾಡಬಹುದಾದ ವಿಜ್ಞಾನ ಅಂತ ಅವರ ಬಾಯಿಂದ ಬರಲಿಲ್ಲ, ನನ್ನ ಕಿವಿಗೆ ಹಾಗೆ ಕೇಳಿಸಿತು. ನನಗೆ ಅದು ಹಿಡಿಸಿತು.

ಮೂರು ವರ್ಷ ಚೆನ್ನಾಗಿ ನಡೆಯಿತು. ನಾಲ್ಕನೆಯ ವರ್ಷ ಫೆಲೋಶಿಪ್ ಮುಗಿಯಿತು, ಹಾಸ್ಟೆಲ್ ಬಿಟ್ಟು ಮಡತ್ತುಕುಳಂ ದಾಟಿದ ಮೇಲೆ ಬರುವ ನಮ್ಮ ಊರಿಗೆ ವಾಪಸ್ ಬಂದೆ. ಉಳಿದಿದ್ದು ಒಂದೇ ಅಧ್ಯಾಯ. ಎರಡು ತಿಂಗಳ ಕೆಲಸ ಅಂದುಕೊಂಡೆ. ಹನ್ನೊಂದು ತಿಂಗಳು ಕೂತೆ.

ನಮ್ಮ ಮನೆಯಲ್ಲಿ ದೊಡ್ಡ ಕೋಣೆ ಅಂದರೆ ಮಗ್ಗದ ಕೋಣೆ. ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಬಿಟ್ಟು, ಅಂಚಿನ ಮೇಲೆ ಕೂತು ನೇಯುವುದು. ತುಳಿಯುವ ಮಣೆಗಳು ಗುಂಡಿಯ ಒಳಗೆ. ಅಪ್ಪನ ಸೊಂಟದಿಂದ ಕೆಳಗೆ ನಲವತ್ತು ವರ್ಷ ನೆಲದೊಳಗೇ ಇತ್ತು. ಮಗ್ಗ ಬಿಟ್ಟು ಮಿಕ್ಕ ಜಾಗದಲ್ಲಿ ಅಮ್ಮನ ನೂಲು ಸುತ್ತುವ ರಾಟೆ, ಅದರಾಚೆ ಗೋಡೆಗೆ ಒತ್ತಿ ನನ್ನ ಮೇಜು, ಲ್ಯಾಪ್‌ಟಾಪು. ಎದ್ದು ಹೊರಗೆ ಹೋಗಬೇಕಾದರೆ ಅಮ್ಮ ರಾಟೆ ಸರಿಸಬೇಕು. ಅವಳು ಸರಿಸುತ್ತಿದ್ದಳು, ಆದರೆ ಎಲ್ಲಿಗೆ ಅಂತ ಕೇಳದೆ ಸರಿಸುತ್ತಿರಲಿಲ್ಲ.

ನನ್ನ ಲೆಕ್ಕದಲ್ಲಿ ಭೂಮಿ ಅಂದರೆ ಮೇಲೊಂದು ಸಪಾಟು ಮುಖ, ಕೆಳಗೆ ಕೊನೆಯಿಲ್ಲದ ಒಂದೇ ದಿಂಡು. ಅದರೊಳಗೆ ಒಂದು ಉಂಡೆ ಇಟ್ಟು, ಅದನ್ನು ಊದಿಸಿದರೆ ಮೇಲಿನ ಮುಖ ಎಷ್ಟು ಉಬ್ಬುತ್ತದೆ ಅಂತ ನೋಡುವುದು. ಇದನ್ನು ಅಪ್ಪನಿಗೆ ಹೇಳಿದಾಗ ಆತ ಗುಂಡಿಯಲ್ಲಿ ಕೂತಲ್ಲಿಂದಲೇ ಕೈ ಕೆಳಗೆ ಹಾಕಿ, ಬಿಗಿದ ಬಟ್ಟೆಯನ್ನು ಅಡಿಯಿಂದ ಹೆಬ್ಬೆರಳಲ್ಲಿ ತಳ್ಳಿ ತೋರಿಸಿದ. ಆಮೇಲೆ ಮುಷ್ಟಿಯಲ್ಲಿ. ಇಷ್ಟೇನಾ ನಿನ್ನ ಓದು ಅಂತ ಕೇಳಿದ. ಇಷ್ಟೇ ಅಂದೆ. ಆದರೆ ನನಗೆ ಕಾಣುವುದು ಮೇಲಿನ ಬಟ್ಟೆ ಮಾತ್ರ ಅಪ್ಪ, ಒಳಗಿರುವುದು ಬೆರಳೋ ಮುಷ್ಟಿಯೋ ನಾನು ಹೇಳಬೇಕು. ಹತ್ತಿರ ಇರುವ ಸಣ್ಣದೂ, ಆಳದಲ್ಲಿರುವ ದೊಡ್ಡದೂ ಕೆಲವು ಸಲ ಒಂದೇ ಥರ ಉಬ್ಬಿಸುತ್ತವೆ. ಅಪ್ಪ ಸ್ವಲ್ಪ ಯೋಚಿಸಿ, ಪಕ್ಕಕ್ಕೆ ಎಷ್ಟು ಎಳೀತದೆ ಅಂತ ನೋಡು, ಗೊತ್ತಾಗ್ತದೆ ಅಂದ.

ಸರಿಯಾಗಿ ಅದೇ ನನ್ನ ಕೈಗೆ ಸಿಗದಿದ್ದದ್ದು.

ಉಪಗ್ರಹ ಆ ದ್ವೀಪದ ಮೇಲೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ದಾರಿಯಲ್ಲಿ ಬೆಟ್ಟವನ್ನು ಪಡುವಣದಿಂದ ನೋಡುತ್ತದೆ, ಇನ್ನೊಂದರಲ್ಲಿ ಮೂಡಣದಿಂದ. ಎರಡು ಕಡೆಯಿಂದ ನೋಡಿದರೆ ನೆಲ ಎಷ್ಟು ಮೇಲೆದ್ದಿದೆ, ಎಷ್ಟು ಪಕ್ಕಕ್ಕೆ ಸರಿದಿದೆ ಎರಡೂ ಗೊತ್ತಾಗಬೇಕು. ಚಿತ್ರ ಬರುವುದು ಬಣ್ಣದ ಬಳೆಗಳ ಹಾಗೆ, ಒಂದರೊಳಗೆ ಒಂದು. ಒಂದು ಬಳೆ ದಾಟಿದರೆ ನೆಲ ಎರಡು ಬೆರಳಿನ ಅಗಲಕ್ಕೂ ಕಡಿಮೆ ಸರಿದಿದೆ ಅಂತ ಅರ್ಥ. ನನ್ನ ಎರಡು ಚಿತ್ರಗಳಲ್ಲೂ ಬಳೆಗಳು ಸೊಗಸಾಗಿದ್ದವು. ಎರಡೂ ಒಂದನ್ನೊಂದು ಹೋಲುತ್ತಿದ್ದವು. ಮೊದಲ ಸಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಅಮ್ಮನನ್ನು ಕರೆದು ತೋರಿಸಿದ್ದೆ. ಎರಡು ಅಂಚೂ ಸರಿಯಾಗಿ ಬಂದಿದೆ ಅಂದಿದ್ದಳು ಅವಳು. ಸೀರೆಯ ಅಂಚಿನ ಮಾತು.

ಆದರೆ ಲೆಕ್ಕಕ್ಕೆ ಹಾಕಿದರೆ ಉತ್ತರ ಅಸಂಬದ್ಧ. ನೆಲ ಉಬ್ಬಿದೆ, ಪಕ್ಕಕ್ಕೆ ಒಂದಿಷ್ಟೂ ಸರಿದಿಲ್ಲ. ಒಳಗೆ ಯಾವ ಆಕಾರ ಇಟ್ಟರೂ ಹಾಗೆ ಆಗಲು ಸಾಧ್ಯವಿಲ್ಲ. ಉಂಡೆ ಇಟ್ಟೆ, ಕೂಡಲಿಲ್ಲ. ಚಪ್ಪಟೆ ಹಾಳೆ ಇಟ್ಟೆ. ಹಾಳೆಯನ್ನು ಓರೆ ಮಾಡಿದೆ. ಎರಡು ಉಂಡೆ ಇಟ್ಟು ಒಂದನ್ನು ಊದಿಸಿ ಇನ್ನೊಂದನ್ನು ಕುಗ್ಗಿಸಿದೆ. ಪ್ರತಿ ಸಲವೂ ಲೆಕ್ಕಕ್ಕೂ ಚಿತ್ರಕ್ಕೂ ನಡುವೆ ಉಳಿಯುವ ವ್ಯತ್ಯಾಸ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಚಾಪೆಯ ಕೆಳಗಿನ ಗಾಳಿಯ ಹಾಗೆ, ಇಲ್ಲಿ ಒತ್ತಿದರೆ ಅಲ್ಲಿ.

ಆ ಹನ್ನೊಂದು ತಿಂಗಳ ಬಗ್ಗೆ ಹೇಳುವುದು ಕಷ್ಟ, ಯಾಕಂದರೆ ಅದರಲ್ಲಿ ಏನೂ ನಡೆಯಲಿಲ್ಲ. ಬೆಳಿಗ್ಗೆ ಎದ್ದು ಕೂರುವುದು. ಲೆಕ್ಕ ಓಡಲು ಬಿಟ್ಟು ಪರದೆ ನೋಡುವುದು. ಸಂಜೆ ಹೊತ್ತಿಗೆ ನಿನ್ನೆಯದೇ ಉತ್ತರ. ಮುಂದೆ ಹೋಗಲಾಗದು, ಬಿಟ್ಟು ಎದ್ದರೆ ಮಾಮನ ಮಾತು ನಿಜವಾಗುತ್ತದೆ. ಬೀದಿಯಲ್ಲಿ ಯಾರು ಸಿಕ್ಕರೂ ಒಂದೇ ಪ್ರಶ್ನೆ, ಇನ್ನೂ ಮುಗೀಲಿಲ್ಲೆಯಾ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಸೀರೆಗೂ ಹಾಗೇ ಕೇಳುತ್ತಾರೆ. ಆದರೆ ನಾನು ಅಂಗಡಿಗೆ ಹಿಂದಿನ ಸಂದಿಯಲ್ಲಿ ಹೋಗಲು ಶುರು ಮಾಡಿದೆ, ಆಮೇಲೆ ಹೋಗುವುದನ್ನೇ ಬಿಟ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ಸದ್ದು. ಮಗ್ಗದ ತಾಳ ನಿಂತರೆ ಅಪ್ಪನಿಗೆ ನೂಲು ಹರಿದಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಹಾಗೇ ನನ್ನ ಕೀಲಿಗಳ ಸದ್ದು ನಿಂತರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ಆಗ ಆತ ಮಗ್ಗ ನಿಧಾನ ಮಾಡಿ ಕಾಯುತ್ತಿದ್ದ. ಏನೂ ಕೇಳುತ್ತಿರಲಿಲ್ಲ, ಬರೀ ಕಾಯುತ್ತಿದ್ದ. ಆ ಕಾಯುವುದು ತಡೆಯಲಾಗದೆ ನಾನು ಸುಮ್ಮಸುಮ್ಮನೆ ಏನಾದರೂ ಟೈಪು ಮಾಡುತ್ತಿದ್ದೆ. ಅ ಆ ಇ ಈ ಬರೆಯುತ್ತಿದ್ದೆ, ನನ್ನ ಹೆಸರು ಬರೆಯುತ್ತಿದ್ದೆ. ಮಗ್ಗ ಮತ್ತೆ ವೇಗ ಹಿಡಿಯುತ್ತಿತ್ತು. ಹೀಗೆ ಎಷ್ಟೋ ಮಧ್ಯಾಹ್ನ ನಾನು ಅಪ್ಪನಿಗೆ ಸುಳ್ಳು ಸದ್ದು ಕೇಳಿಸಿದ್ದೇನೆ. ಆತನಿಗೆ ಗೊತ್ತಿತ್ತಾ ಅಂತ ಇವತ್ತಿಗೂ ಕೇಳಿಲ್ಲ.

ಮೇಡಂ ವಿಶ್ವವಿದ್ಯಾಲಯದಿಂದ ಕೊನೆಯ ಸಲ ಗಡುವು ಮುಂದಕ್ಕೆ ಹಾಕಿಸಿಕೊಟ್ಟರು. ಇದಾದ ಮೇಲೆ ಇನ್ನು ಇಲ್ಲ, ನೋಂದಣಿಯೇ ರದ್ದು. ಅದು ಕಿವಿಗೆ ಬಿದ್ದು ಮಾಮ ಅಮ್ಮನಿಗೆ ಫೋನು ಮಾಡಿದರು. ಅವರ ಕಂಪೆನಿಯಲ್ಲಿ ಚೆಕಿಂಗ್ ದಾಖಲೆ ಕಂಪ್ಯೂಟರಿಗೆ ಹಾಕಲು ಒಬ್ಬರು ಬೇಕಂತೆ. ಹುಡುಗಿ ಎಷ್ಟು ದಿನ ಗೋಡೆ ನೋಡಿಕೊಂಡು ಕೂರುತ್ತಾಳೆ. ಆಡಿ ತಿಂಗಳು, ಅಂದರೆ ಆಷಾಢ, ಕಳೆಯುವವರೆಗೆ ನೋಡೋಣ, ಆಗಲೂ ಮುಗಿಯದಿದ್ದರೆ ಕಳಿಸಿಕೊಡು. ಅಮ್ಮ ನನ್ನನ್ನು ಕೇಳಿದಳು. ಬೇಡ ಅನ್ನಲು ನನ್ನ ಕೈಯಲ್ಲಿ ಕಾರಣ ಇರಲಿಲ್ಲ. ಸರಿ ಅಂದೆ. ಹಾಗೆ ಸರಿ ಅಂದ ಮೇಲೆ ಕೋಣೆ ಇನ್ನೂ ಚಿಕ್ಕದಾಯಿತು.

ಆಡಿ ಕಳೆಯಿತು. ಅದರ ಮರು ಭಾನುವಾರ ಬೆಳಿಗ್ಗೆ ಮಾಮ ಬಂದರು, ಸ್ಕೂಟರಿನಲ್ಲಿ, ಮಗಳನ್ನು ಹಿಂದೆ ಕೂರಿಸಿಕೊಂಡು. ಸೋಮವಾರದಿಂದ ಕೆಲಸಕ್ಕೆ ಬರಬೇಕು, ತಮ್ಮ ಮನೆಯಲ್ಲೇ ಇರಬಹುದು ಅಂತ ಹೇಳಲು. ಅಮ್ಮ ಅಕ್ಕಿಬೇಳೆ ಅನ್ನ ಮಾಡಿದ್ದಳು. ಮಾಮ ನನ್ನ ಮೇಜಿನಲ್ಲಿ ಕೂತು ಉಣ್ಣಲಿ ಅಂತ ಅದರ ಮೇಲಿದ್ದ ಕಾಗದಗಳನ್ನು ಎತ್ತಿ ನೆಲದ ಮೇಲೆ ಇಟ್ಟಳು. ಎಲ್ಲಕ್ಕಿಂತ ಮೇಲೆ ಆ ಎರಡು ಚಿತ್ರಗಳು, ಉಡುಮಲೈ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿದ್ದು, ಪಕ್ಕಪಕ್ಕ.

ಮಾಮ ಊಟ ಮಾಡುತ್ತ ಅವನ್ನೇ ನೋಡುತ್ತಿದ್ದರು. ಅವರ ಕಣ್ಣೇ ಹಾಗೆ. ಯಾರ ಮೈಮೇಲಿನ ಅಂಗಿಯನ್ನೂ ಮೊದಲು ಹೊಲಿಗೆ ನೋಡಿ, ಆಮೇಲೆ ಮುಖ ನೋಡುವವರು. ಇದೇನಾ ನಿನ್ನ ಬೆಟ್ಟ ಅಂತ ಕೇಳಿದರು. ಹೌದು ಮಾಮ, ಎರಡೂ ಒಂದೇ ಬೆಟ್ಟ, ಇದು ಪಡುವಣದಿಂದ ನೋಡಿದ್ದು, ಇದು ಮೂಡಣದಿಂದ ನೋಡಿದ್ದು ಅಂದೆ. ವಿವರಿಸುವ ಉತ್ಸಾಹವೆಲ್ಲ ಯಾವತ್ತೋ ಮುಗಿದಿತ್ತು.

"ಎದುರೆದುರಿಂದಾ?"

"ಎದುರೆದುರಿಂದ."

"ಹಂಗಾದ್ರೆ ಎರಡೂ ಎಡಗೈ ಯಾಕಮ್ಮ ಕತ್ತರಿಸಿದ್ದೀಯ?"

ನನಗೆ ಅರ್ಥವಾಗಲಿಲ್ಲ. ಮಾಮನಿಗೆ ಒಳ್ಳೆಯ ತಮಾಷೆ ಸಿಕ್ಕಿತ್ತು. ಎಂಜಲು ಕೈಯನ್ನು ಎತ್ತಿ ಹಿಡಿದು, ಮಗಳ ಕಡೆ ತಿರುಗಿ ಅವಳಿಗೆ ಹೇಳುವ ಹಾಗೆ ನನಗೆ ಹೇಳಿದರು.

"ಒಂದು ಅಂಗಿಗೆ ಎಡಗೈ ಒಂದು, ಬಲಗೈ ಒಂದು. ಎದುರೆದುರು ಇಟ್ರೆ ಕನ್ನಡೀಲಿ ನೋಡಿದಂಗೆ ಇರಬೇಕು. ಕತ್ತರಿಸೋವನು ಬಟ್ಟೆ ಮಗುಚಿ ಹಾಕೋದು ಮರೆತ್ರೆ ಎರಡೂ ಎಡಗೈ ಬರ್ತದೆ. ನೋಡೋಕೆ ಚೆಂದ, ಎರಡೂ ಒಂದೇ ಥರ. ಹೊಲಿಯೋಕೆ ಮಾತ್ರ ಆಗದು. ನೋಡು, ಎರಡೂ ಎಡಕ್ಕೇ ವಾಲಿದೆ. ನಮ್ಮಲ್ಲಿ ಆಗಿದ್ರೆ ಎರಡನ್ನೂ ಎತ್ತಿ ಬಿಸಾಕ್ತಿದ್ದೆ."

ನಾಳೆಯಿಂದ ಬಾ, ಮೇಜಿನ ಹತ್ತಿರ ನಿಲ್ಲಿಸಿಕೊಂಡು ಕಲಿಸುತ್ತೇನೆ ಅಂತ ಸೇರಿಸಿದರು. ಅಮ್ಮ ನಕ್ಕಳು. ಮಗಳೂ ನಕ್ಕಳು. ನಾನು ಇನ್ನೊಂದು ಸೌಟು ಅನ್ನ ಬಡಿಸಿಕೊಂಡೆ, ಚಿತ್ರಗಳಿಂದ ಕಣ್ಣು ತೆಗೆಯದೆ.

ನೇಯುವವರ ಮನೆಯಲ್ಲಿ ಎರಡು ಒಂದೇ ಥರ ಇದ್ದರೆ ಸರಿ. ಎರಡು ಅಂಚು, ಎರಡು ಸೆರಗಿನ ಬುಟ್ಟಾ, ನಿನ್ನೆಯ ಗಜ, ಇವತ್ತಿನ ಗಜ. ಒಂದೇ ಥರ ಬಂತಾ ಅಂತಲೇ ನಾವು ಕೇಳುವುದು. ಹೊಲಿಯುವವರ ಮೇಜಿನ ಮೇಲೆ ಎರಡು ಒಂದೇ ಥರ ಇದ್ದರೆ ತಪ್ಪು. ಬೆಟ್ಟವನ್ನು ಎರಡು ಕಡೆಯಿಂದ ನೋಡಿದರೆ ಉಬ್ಬು ಪ್ರತಿ ಸಲವೂ ನೋಡುವವನ ಕಡೆಗೆ ವಾಲಿದಂತೆ ಕಾಣಬೇಕು: ಪಡುವಣದಿಂದ ನೋಡಿದರೆ ಪಡುವಣಕ್ಕೆ, ಮೂಡಣದಿಂದ ನೋಡಿದರೆ ಮೂಡಣಕ್ಕೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ಅವತ್ತು ಎರಡೂ ಹೋಲುವುದನ್ನು ಕಂಡು ಖುಷಿಪಟ್ಟದ್ದು ಓದಿದ ತಲೆಯಲ್ಲ, ಅಪ್ಪನ ಅಂಚು ನೋಡಿ ಬೆಳೆದ ಕಣ್ಣು.

ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಮಗ್ಗದ ಹತ್ತಿರ ಹೋದೆ. ಬುಟ್ಟಾ ಇರುವ ಸೀರೆಯನ್ನು ಅಪ್ಪ ಒಳ್ಳೆಯ ಮುಖ ಕೆಳಗಾಗಿ ನೇಯುತ್ತಾನೆ. ಸರಿ ಬಂತಾ ಅಂತ ನೋಡಲು ಒಂದು ಕೈಗನ್ನಡಿಯನ್ನು ಬಟ್ಟೆಯ ಅಡಿಗೆ ಹಿಡಿಯುತ್ತಾನೆ. ಗುಂಡಿಯ ಗೂಡಿನಲ್ಲಿ ಇಟ್ಟಿದ್ದ ಆ ಕನ್ನಡಿ ತೆಗೆದು, ಎರಡನೆಯ ಚಿತ್ರದ ಪಕ್ಕ ನಿಲ್ಲಿಸಿದೆ. ಕನ್ನಡಿಯೊಳಗೆ ಬಳೆಗಳು ಬಲಕ್ಕೆ ವಾಲಿದವು. ಮೂಡಣಕ್ಕೆ.

ಅಪ್ಪ ನೋಡುತ್ತಿದ್ದ. ಏನಂತೆ ಅಂತ ಕೇಳಿದ. ಆಮೇಲೆ ಹೇಳ್ತೀನಿ ಅಪ್ಪ ಅಂದೆ.

ಮಾಮನಿಗೆ ಮಾತ್ರ ಏನೂ ಹೇಳಲಿಲ್ಲ. ಇನ್ನೊಂದು ವಾರ ಬಿಟ್ಟು ಬರುತ್ತೇನೆ ಅಂದೆ. ಅವರಿಗೆ ಕೋಪ ಬಂತು. ಒಂದು ವಾರಕ್ಕೆ ಬೆಟ್ಟ ಏನು ಓಡಿಹೋಗುತ್ತದಾ ಅಂತ ಕೇಳಿ, ಸ್ಕೂಟರ್ ಹತ್ತಿ ಹೋದರು.

ತಪ್ಪು ಒಂದೇ ಸಾಲಿನಲ್ಲಿತ್ತು. ಉಪಗ್ರಹ ತನಗೆ ಹತ್ತಿರದ ಜಾಗವನ್ನು ಮೊದಲು ಬರೆದುಕೊಳ್ಳುತ್ತದೆ. ಮೂಡಣದಿಂದ ನೋಡುವಾಗ ಹತ್ತಿರದ್ದು ಮೂಡಣವೇ, ಹಾಗಾಗಿ ಚಿತ್ರ ಎಡಬಲ ತಿರುಗಿ ಬರುತ್ತದೆ, ಮಗುಚಿಕೊಳ್ಳಬೇಕು. ಮೊದಲ ವರ್ಷ ನಾನೇ ಬರೆದ ಪ್ರೋಗ್ರಾಮಿನಲ್ಲಿ ಮೂಡಣದ ಚಿತ್ರಕ್ಕೆ ಬೇಕಾದ ಈ ಮಗುಚುವಿಕೆಯೇ ಇರಲಿಲ್ಲ. ಲೆಕ್ಕ ಬೇಗ ಓಡಲಿ ಅಂತ ಬೆಟ್ಟದ ನೆತ್ತಿಯನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದೆ. ನೆತ್ತಿ ಗುಂಡಗೆ ತಟ್ಟೆಯ ಹಾಗಿತ್ತು, ತಿರುಗಿದ್ದು ಕಾಣಲು ಕಡಲ ಅಂಚಾಗಲಿ ಊರಾಗಲಿ ಚಿತ್ರದಲ್ಲಿ ಇರಲಿಲ್ಲ. ಆ ಒಂದು ಸಾಲು ಬರೆಯಲು ಒಂದು ನಿಮಿಷ ಹಿಡಿಯಲಿಲ್ಲ. ಹನ್ನೊಂದು ತಿಂಗಳು ಯಾರೂ ಬೀಗ ಹಾಕದ ಬಾಗಿಲ ಹಿಂದೆ ಕೂತಿದ್ದೆ. ಖುಷಿಯಾಗಬೇಕಿತ್ತು. ಆ ಮಧ್ಯಾಹ್ನ ನನಗಾದದ್ದು ನಾಚಿಕೆ.

ಸರಿಪಡಿಸಿ ಓಡಿಸಿದ ಮೇಲೆ ನೆಲ ಪಕ್ಕಕ್ಕೂ ಸರಿಯಿತು, ಎಷ್ಟು ಸರಿಯಬೇಕೋ ಅಷ್ಟು. ಒಂದೇ ಒಂದು ಉಂಡೆ ಎರಡು ಚಿತ್ರಗಳಿಗೂ ಉತ್ತರ ಕೊಟ್ಟಿತು. ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, ನಾನೂ ನೋಡಬೇಕಿತ್ತು ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲಿನ ಆರು ವಾರ ಅದೇ ಕೋಣೆಯಲ್ಲಿ, ಅದೇ ರಾಟೆಯ ಹಿಂದೆ ಕೂತು ಅಧ್ಯಾಯವನ್ನು ಮೊದಲಿಂದ ಬರೆದೆ. ಈ ಸಲ ಸುಳ್ಳು ಸದ್ದು ಇರಲಿಲ್ಲ. ಆ ಬೆಟ್ಟದ ಕಥೆ ನನಗೆ ಆಗಲೇ ಸರಿಯಾಗಿ ತಿಳಿದದ್ದು. ಪಾಕ ಆಳದಿಂದ ಏರಿ ಬಂದಿದೆ. ಕೆಲವು ತಿಂಗಳು ನೆಲವನ್ನು ಅಡಿಯಿಂದ ತಳ್ಳಿದೆ. ಆಮೇಲೆ ನಿಂತುಬಿಟ್ಟಿದೆ. ಹೊರಗೆ ಬರಲಿಲ್ಲ, ವಾಪಸ್ಸೂ ಇಳಿಯಲಿಲ್ಲ. ಉಬ್ಬು ಉಬ್ಬಿದಂತೆಯೇ ಇದೆ. ಹೆಚ್ಚಿನ ಸಲ ಹಾಗೇ ಆಗುತ್ತದೆ ಅಂತ ಓದಿದ್ದೆ. ಏರುವ ಪಾಕವೆಲ್ಲ ಸಿಡಿಯುವುದಿಲ್ಲ, ಎಷ್ಟೋ ಒಳಗೇ ಸಿಕ್ಕಿಕೊಂಡು ತಣ್ಣಗಾಗುತ್ತದೆ. ಪುಸ್ತಕದಲ್ಲಿ ಓದಿದಾಗ ಅದು ಒಂದು ವಾಕ್ಯ. ಆ ಕೋಣೆಯಲ್ಲಿ ಕೂತು ಬರೆಯುವಾಗ ಹಾಗಿರಲಿಲ್ಲ.

ಗಡುವಿಗೆ ನಾಲ್ಕು ದಿನ ಮುಂಚೆ ಪ್ರಬಂಧ ಕೊಟ್ಟೆ. ತಿಂಗಳುಗಳ ನಂತರ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಹಾಗಾದರೆ ಅದು ಸಿಡಿಯುತ್ತದಾ ಅಂತ ಕೇಳಿದರು. ಮೇಲ್ಮೈ ಅಷ್ಟು ದೂರ ಹೇಳುವುದಿಲ್ಲ ಅಂದೆ. ಕೆಳಗೆ ಎಷ್ಟಿದೆ, ಎಲ್ಲಿದೆ ಅಂತ ಹೇಳಬಲ್ಲೆ; ದಾರಿ ಸಿಗುತ್ತದೋ ಇಲ್ಲವೋ ಹೇಳಲಾರೆ. ಆ ಉತ್ತರಕ್ಕೆ ಅವರು ತಲೆಯಾಡಿಸಿದರು. ಆಚೆ ಬಂದು ಅಪ್ಪನಿಗೆ ಫೋನು ಮಾಡಿದೆ. ಆ ಕಡೆಯಿಂದ ಮಗ್ಗದ ತಾಳ ಕೇಳುತ್ತಿತ್ತು. ಆಯ್ತು ಅಪ್ಪ ಅಂದೆ. ತಾಳ ನಿಂತಿತು.

ಆದರೂ ಮಾಮನಿಗೆ ನಿಜ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ಅಪ್ಪ ಎರಡು ಸಲ ಕೇಳಿದ, ನಿಮ್ಮ ಮಾಮನಿಗೆ ಹೇಳಿದ್ಯಾ ಅಂತ. ಹೇಳಿದರೆ ಅವರು ಗೆದ್ದಂತಾಗುತ್ತದೆ ಅನ್ನುವುದೇ ನನ್ನ ಸಂಕಟ. ಆಗದು ಅಂದವರೇ ಆಗಿಸಿದ್ದು ಅಂತ ಊರೆಲ್ಲ ಆಡುತ್ತದೆ. ಇಷ್ಟು ಕಷ್ಟಪಟ್ಟು ಪಡೆದದ್ದರಲ್ಲಿ ಯಾರಿಗೂ ಪಾಲು ಕೊಡಲು ಮನಸ್ಸಾಗಲಿಲ್ಲ. ಪ್ರಬಂಧದ ಮೊದಲ ಪುಟದಲ್ಲಿ ಮೇಡಂಗೆ, ಅಪ್ಪ ಅಮ್ಮನಿಗೆ, ಅಕ್ಷರ ಕಲಿಸಿದ ರೂಮ್‌ಮೇಟಿಗೆ ಕೃತಜ್ಞತೆ ಬರೆದಿದ್ದೆ. ಮಾಮನ ಜಾಗ ಖಾಲಿ ಬಿಟ್ಟಿದ್ದೆ. ಅಲ್ಲಿ ಜಾಗ ಇದೆ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಪದವಿ ಪ್ರದಾನದ ದಿನ ಕೊಯಮತ್ತೂರಿಗೆ ಎಲ್ಲರೂ ಬಂದರು. ಅಪ್ಪನಿಗೆ ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲ, ಕಾಲು ಇಳಿಬಿಡಲು ಗುಂಡಿ ಹುಡುಕುವವನ ಹಾಗೆ ಒದ್ದಾಡುತ್ತಿದ್ದ. ಮೈಕಿನಲ್ಲಿ ಹೆಸರುಗಳನ್ನು ಕೂಗಿ ಕೂಗಿ ನನ್ನದು ಬಂತು. ಬಾಡಿಗೆಯ ಕಪ್ಪು ಗೌನು ಹಾಕಿಕೊಂಡು ಹೋಗಿ ಪ್ರಮಾಣಪತ್ರ ತೆಗೆದುಕೊಂಡೆ. ಕೊಟ್ಟವರ ಮುಖ ನೆನಪಿಲ್ಲ. ಕಾಗದ ದಪ್ಪಗಿತ್ತು, ಅದು ನೆನಪಿದೆ.

ಹೊರಗೆ ಮರದ ಕೆಳಗೆ ಅವರೆಲ್ಲ ನಿಂತಿದ್ದರು. ಅಪ್ಪನ ಕೈಗೆ ಕೊಡುವುದು ಅಂತಲೇ ಹೋದೆ. ಅಪ್ಪ ಕೈ ಚಾಚಲಿಲ್ಲ, ಮಾಮನ ಕಡೆ ನೋಡಿದ. ಆತನ ಮಾತು ಯಾವಾಗಲೂ ಅಷ್ಟೇ. ನಾನು ಮಾಮನ ಎದುರು ನಿಂತು, ಅವತ್ತು ಭಾನುವಾರ ನೀವು ಹೇಳಿದ್ದರಿಂದಲೇ ಮಾಮ ತಪ್ಪು ಸಿಕ್ಕಿದ್ದು ಅಂದೆ. ಏನು ಹೇಳಿದ್ದೆ ಅಂದರು. ಎರಡೂ ಎಡಗೈ ಅಂದಿದ್ದಿರಿ. ಅವರಿಗೆ ನೆನಪೇ ಇರಲಿಲ್ಲ. ಅಕ್ಕಿಬೇಳೆ ಅನ್ನಕ್ಕೆ ಉಪ್ಪು ಜಾಸ್ತಿಯಾಗಿದ್ದು ನೆನಪಿತ್ತು. ನಾನು ಪೂರ್ತಿ ಹೇಳಿದೆ, ಕನ್ನಡಿಯ ವಿಷಯವನ್ನೂ, ಮುಚ್ಚಿಟ್ಟಿದ್ದನ್ನೂ. ಹೇಳಿ ಮುಗಿಸಿ ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ.

ಅವರಿಗೆ ಇಂಗ್ಲಿಷ್ ಓದಲು ಬರದು. ಮುಂದೆ ನೋಡಿದರು, ತಿರುವಿ ಹಿಂದೆ ನೋಡಿದರು, ಬಿಸಿಲಿಗೆ ಎತ್ತಿ ಹಿಡಿದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ತುಂಬ ಹೊತ್ತು ನೋಡಿದರು. ಪಕ್ಕದಲ್ಲಿ ಅವರ ಮಗಳು ನಿಂತಿದ್ದಳು, ಆ ವರ್ಷ ಹನ್ನೆರಡನೇ ಕ್ಲಾಸು, ಅವತ್ತಿನ ಹಾಗೇ ನನ್ನನ್ನೇ ನೋಡುತ್ತ.

"ಒಂದು ಪೀಸ್ ನೋಡಿ ಇಡೀ ಲಾಟ್ ಪಾಸ್ ಮಾಡೋಕಾಗದು ಅಮ್ಮಣಿ," ಅಂದರು ಮಾಮ. "ಬರೋ ವರ್ಷ ಇವಳನ್ನೂ ಕರ್ಕೊಂಡೋಗಿ ಸೇರಿಸು. ಎರಡನೇ ಪೀಸ್ ಬರಲಿ, ಆಮೇಲೆ ಹೇಳ್ತೀನಿ."